ಮಕ್ಕಳ ಭಾಷೆಯ ಅಕ್ಷರಮಾಲೆ

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿಯೆಂದು ವೇದಿಕೆಗಳಲ್ಲಿ ಕೊಂಡಾಡುವುದು ನಮಗೆಲ್ಲ ರೂಢಿಯಾಗಿದೆ. ಆದರೆ ಹಲವು ಭಾಷೆಗಳು ಒಂದೇ ಅಂಗಳದಲ್ಲಿ ಕೂಡಿದಾಗ ಯಾವ ಧ್ವನಿ ಒಳಗೆ ಬರಬೇಕು, ಯಾವುದು ಹೊರಗೆ ನಿಲ್ಲಬೇಕು ಎಂಬ ಪ್ರಶ್ನೆ ನಮಗೆ ಎದುರಾದದ್ದು ಒಂದು ಮಕ್ಕಳಾಟದಿಂದ.

1990ರ ದಶಕದ ಒಂದು ಮಳೆಗಾಲ. ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲಿ ಕನ್ನಡ, ಮಲಯಾಳ ಎಂಬ ಎರಡು ವಿಭಾಗಗಳಿದ್ದವು. ಬಿಡುವಿನ ವೇಳೆಯಲ್ಲಿ ಮಕ್ಕಳೂ ಎರಡು ಗುಂಪಾಗಿಯೇ ಆಡುತ್ತಿದ್ದರು. ಕನ್ನಡದ ಮಕ್ಕಳು ಪ್ರತಿ ಅಕ್ಷರದ ಮುಂಚೆ ‘ಕ’ ಸೇರಿಸಿ, ‘ಬಾರೋ’ ಎಂಬುದನ್ನು ‘ಕಬಾಕರೋ’ ಎಂದು ಗುಟ್ಟಿನ ಮಾತಾಡುತ್ತಿದ್ದರು. ಅದು ತಮ್ಮನ್ನು ಬೈಯುವ ಮಾತೆಂದು ಆಚೆಯವರು ಜಗಳಕ್ಕೆ ಬಂದರು. ವಿಚಾರಣೆಗೆ ನಿಂತ ಏಳನೆಯ ತರಗತಿಯ ಹುಡುಗನೊಬ್ಬ, “ಸಾರ್, ಇಬ್ಬರಿಗೂ ಸೇರಿದ ಒಂದು ಭಾಷೆ ನಾವೇ ಮಾಡುವ” ಎಂದ. ಮಲಯಾಳ ವಿಭಾಗದ ಟೀಚರೊಬ್ಬರೂ ನಾವೂ ಒಪ್ಪಿದೆವು.

ಪದಗಳಿಗಿಂತ ಮೊದಲು ಧ್ವನಿಗಳು ಬೇಕಷ್ಟೆ. ಎಲ್ಲರ ನಾಲಗೆಗೂ ಒಗ್ಗುವ ಧ್ವನಿಗಳು ಮಾತ್ರ ಇರಲಿ ಎಂಬ ನಿಯಮವನ್ನು ನಾವೇ ಹಾಕಿದೆವು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಉಚ್ಚರಿಸಿದರು. ಮಹಾಪ್ರಾಣಗಳು ತಕರಾರಿಲ್ಲದೆ ಹೋದವು. ಉರ್ದು ಮನೆಮಾತಿನ ಹುಡುಗ ‘ಳ’ವನ್ನು ‘ಲ’ ಎಂದ. ‘ಳ’ ಹೋಯಿತು, ಜೊತೆಗೆ ‘ಣ’ವೂ ಹೋಯಿತು. ತುಳು ಮನೆಯ ಪುಟ್ಟವನೊಬ್ಬ ‘ಹಾಲು’ ಎನ್ನಲು ಹೋಗಿ ‘ಆಲು’ ಎಂದ, ‘ಹ’ವೂ ಅಳಿಸಿತು. ತುಳುವಿನ ಪದಾಂತ್ಯದ ಅರೆ ಉಕಾರ, ಕೊಂಕಣಿಯ ಅನುನಾಸಿಕ ಸ್ವರಗಳು ಎಲ್ಲವೂ ಬಿದ್ದವು. ಹಲಗೆಯ ಮೇಲೆ ಕೊನೆಗೆ ಉಳಿದದ್ದು 10 ಸ್ವರಗಳು, 17 ವ್ಯಂಜನಗಳು.

ಆಗ ಆಲಪ್ಪುೞದಿಂದ ತಂದೆಯ ವರ್ಗಾವಣೆಯ ಕಾರಣ ಬಂದಿದ್ದ ಬಾಲಕಿಯೊಬ್ಬಳು ಎದ್ದು ‘ೞ’ ಎಂದಳು. ನಾಲಗೆಯ ತುದಿಯನ್ನು ಹಿಂದಕ್ಕೆ ಬಾಗಿಸಿ, ಎಲ್ಲಿಯೂ ತಾಗಿಸದೆ ನುಡಿಯುವ ಆ ಧ್ವನಿ ಕನ್ನಡದ ಮಕ್ಕಳ ಬಾಯಲ್ಲಿ ನಗೆಪಾಟಲಾಯಿತು. ನಿಯಮದಂತೆ ನಾವು ಅದನ್ನು ಹೊರಗಿಟ್ಟೆವು. “ಹಾಗಾದರೆ ಈ ಭಾಷೆಯಲ್ಲಿ ನನ್ನ ಊರಿನ ಹೆಸರನ್ನೇ ಹೇಳಲಾಗದಲ್ಲ, ಮಾಷೇ?” ಎಂದು ಅವಳು ತನ್ನ ಭಾಷೆಯಲ್ಲಿ ಕೇಳಿದಳು. ಮರುದಿನ ಅವಳು ಆಟಕ್ಕೆ ಬರಲಿಲ್ಲ.

ಆ ರಾತ್ರಿ ನಮಗೆ ನೆನಪಾದದ್ದು ಎಂದೋ ಓದಿದ್ದ ವೊಲಾಪ್ಯೂಕಿನ ಕಥೆ. ಜರ್ಮನಿಯ ಪಾದ್ರಿ ಯೊಹಾನ್ ಮಾರ್ಟಿನ್ ಶ್ಲೈಯರ್ 1879ರ ಹೊತ್ತಿಗೆ ಜಗತ್ತಿಗೆಲ್ಲ ಒಂದೇ ಭಾಷೆಯನ್ನು ಕಟ್ಟಲು ಹೊರಟು, ಚೀನೀಯರಿಗೆ ಕಷ್ಟವಾದೀತೆಂದು ರಕಾರವನ್ನು ಬಹುಮಟ್ಟಿಗೆ ಕೈಬಿಟ್ಟರು. ಇಂಗ್ಲಿಷಿನ ‘ವರ್ಲ್ಡ್’ ಅವರ ಭಾಷೆಯಲ್ಲಿ ‘ವೊಲ್’ ಆಯಿತು. ಆದರೆ ಪರರಿಗೆ ತೊಡಕಾದ ತಮ್ಮ ಜರ್ಮನ್ ಸ್ವರಗಳನ್ನು ಮಾತ್ರ ಉಳಿಸಿಕೊಂಡರು! 1931ರಲ್ಲಿ ಡಚ್ಚರ ಆರಿ ಡೆ ಯೋಂಗ್ ಆ ಭಾಷೆಯನ್ನು ಪರಿಷ್ಕರಿಸಿದಾಗ ರಕಾರಕ್ಕೆ ಮತ್ತೆ ಸ್ಥಾನ ದೊರೆಯಿತು. ಸೌಕರ್ಯದ ಹೆಸರಿನಲ್ಲಿ ನಾವೂ ಅದೇ ತಪ್ಪನ್ನು ಮಾಡಿದ್ದೆವು.

ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಬೇರೊಂದು ಕಾರಣಕ್ಕೆ. ‘ೞ’ ಪರರ ಧ್ವನಿಯೇ ಅಲ್ಲ. ಹಳಗನ್ನಡದಲ್ಲಿ ಅದು ನಮ್ಮದೇ ಆಗಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವುಳ್ಳ ಪದಗಳನ್ನು ಪಟ್ಟಿಮಾಡಿದ್ದಾನೆ, ಕಲಿತ ನಾವು ಅದನ್ನು ಮರೆತಿದ್ದೆವು. ಮರುದಿನ ಹಲಗೆಯಲ್ಲಿ ಬರೆದೆವು: ಮೞೆ, ಬಾೞೆ, ಕೋೞಿ, ಪುೞು. ಪಕ್ಕದಲ್ಲಿ ಇಂದಿನ ಮಳೆ, ಬಾಳೆ, ಕೋಳಿ, ಹುಳು. ಟೀಚರ್ ಮಲಯಾಳದ ಮೞ, ವಾೞ, ಕೋೞಿ, ಪುೞು ಎಂಬವನ್ನು ಸೇರಿಸಿದರು. ತರಗತಿ ನಿಶ್ಶಬ್ದವಾಯಿತು. “ಇವಳು ನಮ್ಮ ಅಜ್ಜಂದಿರ ಅಕ್ಷರವನ್ನು ಜೋಪಾನವಾಗಿಟ್ಟವಳು” ಎಂದೆವು. ಹುಡುಗಿ ತಲೆತಗ್ಗಿಸಿ ನಕ್ಕಳು.

ನಿಯಮ ಬದಲಾಯಿತು. ಪ್ರತಿಯೊಂದು ಮನೆಮಾತೂ ತನ್ನದೊಂದು ಧ್ವನಿಯನ್ನು ಕೊಡಬೇಕು. ಉಳಿದವರು ಅದನ್ನು ಕಲಿಯಬೇಕು. ತುಳು ಅರೆ ಉಕಾರವನ್ನೂ, ಕೊಂಕಣಿ ಅನುನಾಸಿಕವನ್ನೂ, ಉರ್ದು ‘ಜ಼’ವನ್ನೂ, ಮಲಯಾಳ ‘ೞ’ವನ್ನೂ ಕೊಟ್ಟವು. ಕನ್ನಡದ ಮಕ್ಕಳು ಬಹಳ ಯೋಚಿಸಿ ‘ಹ’ವನ್ನು ಕೊಟ್ಟರು. ಪಾಲನ್ನು ಹಾಲಾಗಿಸಿಕೊಂಡವರು ನಾವಲ್ಲವೇ! ಧ್ವನಿಗಳು ಹೆಚ್ಚಿದುವು, ಭಾಷೆ ಕಠಿಣವಾಯಿತು. ಆದರೆ ಬಿಡುವಿನಲ್ಲಿ ಒಬ್ಬರ ಬಾಯನ್ನು ಒಬ್ಬರು ನೋಡುತ್ತ ಉಚ್ಚಾರ ತಿದ್ದಿಕೊಳ್ಳುವ ಮಕ್ಕಳು ಎರಡು ಗುಂಪಾಗಿ ಉಳಿಯಲಿಲ್ಲ.

ಆ ಭಾಷೆ ವಾರ್ಷಿಕ ಪರೀಕ್ಷೆಯನ್ನು ದಾಟಲಿಲ್ಲ. ಅದರ ಪದಗಳೊಂದೂ ಈಗ ನಮಗೆ ನೆನಪಿಲ್ಲ. ಗಡಿಯಲ್ಲಿರುವ ನಾವು ನಮ್ಮ ನುಡಿಗೆ ಸ್ಥಾನ ಕೇಳುತ್ತೇವೆ, ಕೇಳಲೇಬೇಕು. ಹಾಗೆ ಕೇಳುವಾಗಲೆಲ್ಲ, ಊರಿನ ಹೆಸರನ್ನು ಹೇಳಲಾಗದೆ ನಿಂತ ಆ ಮಗುವಿನ ಮುಖವೂ ನಮ್ಮ ಕಣ್ಣಮುಂದೆ ಬರುತ್ತದೆ.

ಕಳೆದ ಆಷಾಢದಲ್ಲಿ ಬಸ್‌ ನಿಲ್ದಾಣದಲ್ಲಿ ನಿಂತಿದ್ದಾಗ ನಡುವಯಸ್ಸಿನವರೊಬ್ಬರು ಬಂದು ಕೊಡೆ ಹಿಡಿದರು. ಅಂದು ಆ ಧ್ವನಿಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಕನ್ನಡ ವಿಭಾಗದ ಹುಡುಗ! “ಸಾರ್, ಮೞೆ ಬಂತು” ಎಂದರು. ಉಚ್ಚಾರದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.