ಕ್ರೂಸೋ ಕಂಡರೂ ಸೇರದ ತೀರ

ಗ್ರಾನ್ ಕನಾರಿಯಾ ದ್ವೀಪದ ಪಶ್ಚಿಮದ ಬೆಟ್ಟಗಳ ಮೇಲೆ, ಆಕಾಶ ತಿಳಿಯಾಗಿರುವ ಸಂಜೆಯಲ್ಲಿ ನಿಂತವರಿಗೆ ಒಂದು ಅಪೂರ್ವ ದೃಶ್ಯ ಕಾಣಸಿಗುತ್ತದೆ. ಕೆಳಗೆ ಅಟ್ಲಾಂಟಿಕ್ ಮಹಾಸಾಗರ. ಸಾಗರದ ಮೇಲೆ ಹತ್ತಿಯನ್ನು ಹಿಂಜಿ ಹರಡಿದಂತೆ ಮೋಡಗಳ ಹಾಸು. ಆ ಹಾಸನ್ನು ಭೇದಿಸಿಕೊಂಡು ಒಂದೇ ಒಂದು ಶಿಖರ ಮೇಲೆದ್ದು ನಿಂತಿರುತ್ತದೆ. ಬುಡವೇ ಇಲ್ಲದೆ ಆಕಾಶದಲ್ಲಿ ತೇಲುತ್ತಿರುವಂತೆ ತೋರುವ ಆ ಶಿಖರವು ನೆರೆಯ ಟೆನರೀಫ್ ದ್ವೀಪದ ಟೇಯ್ಡೆ ಜ್ವಾಲಾಮುಖಿ. ಅದರ ಎತ್ತರ 3,715 ಮೀಟರುಗಳು. ಹಿಂದಿನ ಕಾಲದ ನಾವಿಕರಿಗೆ ಅದು ದೂರದಿಂದಲೇ ದಾರಿ ತೋರುವ ದೀಪಸ್ತಂಭದಂತಿತ್ತು.

ಇದೇ ಶಿಖರವನ್ನು ಚಿಕ್ಕ ದೋಣಿಯೊಂದರಿಂದ ಆಸೆಗಣ್ಣಿನಿಂದ ನೋಡಿದ ಇನ್ನೊಬ್ಬನಿದ್ದಾನೆ. ಅವನು ರಕ್ತಮಾಂಸಗಳ ಮನುಷ್ಯನಲ್ಲ. ಆದರೂ ಅವನ ಹೆಸರನ್ನು ಕೇಳದವರು ವಿರಳ. ಅವನೇ ರಾಬಿನ್ಸನ್ ಕ್ರೂಸೋ. 1719ರ ಏಪ್ರಿಲ್ ತಿಂಗಳಲ್ಲಿ ಡೇನಿಯಲ್ ಡೆಫೋ ಪ್ರಕಟಿಸಿದ ಕಾದಂಬರಿಯಲ್ಲಿ, ನಿರ್ಜನ ದ್ವೀಪದ ಕಥೆ ಆರಂಭವಾಗುವುದಕ್ಕೆ ಬಹಳ ಮುಂಚೆಯೇ ಈ ಪ್ರಸಂಗ ಬರುತ್ತದೆ. ಮಕ್ಕಳಿಗೆಂದು ಸಂಗ್ರಹಿಸಿದ ಪುಸ್ತಕಗಳಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ. ಕ್ರೂಸೋ ಪಯಣಿಸುತ್ತಿದ್ದ ಹಡಗು ಕನಾರಿ ದ್ವೀಪಗಳಿಗೂ ಆಫ್ರಿಕದ ಕರಾವಳಿಗೂ ನಡುವೆ ಸಾಗುತ್ತಿದ್ದಾಗ, ಸಲೇ ಬಂದರಿನ ಕಡಲ್ಗಳ್ಳರು ಅದನ್ನು ಹಿಡಿಯುತ್ತಾರೆ. ಕ್ರೂಸೋ ಸೆರೆಯಾಳಾಗಿ ಎರಡು ವರ್ಷ ಕಳೆದು, ಕ್ಸೂರಿ ಎಂಬ ಬಾಲಕನೊಡನೆ ದೋಣಿಯಲ್ಲಿ ತಪ್ಪಿಸಿಕೊಳ್ಳುತ್ತಾನೆ. ಆಗ ದೂರದಲ್ಲಿ ಟೆನರೀಫಿನ ಶಿಖರ ಕಂಡಂತಾಗುತ್ತದೆ. ಅಲ್ಲಿಗೆ ತಲುಪಿದರೆ ಬದುಕಿದೆವು ಎಂದು ಅವನು ಪ್ರಯತ್ನಿಸುತ್ತಾನೆ. ಆದರೆ ಎದುರು ಗಾಳಿ ಬೀಸುತ್ತದೆ, ಸಮುದ್ರ ಉಕ್ಕುತ್ತದೆ, ಪುಟ್ಟ ದೋಣಿ ಹಿಂದಕ್ಕೆ ಬರುತ್ತದೆ.

ಕಥೆಯ ಕ್ರೂಸೋ ಹೀಗೆ ಕನಾರಿ ದ್ವೀಪಗಳನ್ನು ಸೇರಲಾರದೆ ಹೋದನು. ಆದರೆ ಕಾದಂಬರಿ ಹುಟ್ಟಿ ಸುಮಾರು 245 ವರ್ಷಗಳು ಕಳೆದ ಮೇಲೆ, ಕ್ಯಾಮೆರಾ ಅವನನ್ನು ಅಲ್ಲಿಗೇ ಕರೆದುಕೊಂಡು ಬಂದಿತು!

ಯಾವುದು ಆ ದ್ವೀಪ?

ಕಾದಂಬರಿಕಾರನಿಗೆ ಒಂದು ಸೌಕರ್ಯವಿದೆ. ಅವನು ತನ್ನ ದ್ವೀಪವನ್ನು ಮಸಿಯಲ್ಲಿ ಕಟ್ಟಬಹುದು. ಡೆಫೋ ತನ್ನ ದ್ವೀಪವನ್ನು ದಕ್ಷಿಣ ಅಮೆರಿಕದ ಓರಿನೋಕೋ ನದಿಯ ಮುಖದ ಬಳಿ ಇರಿಸಿದನು. ಕಥೆಗೆ ಸ್ಫೂರ್ತಿ ನೀಡಿದವರಲ್ಲಿ ಮುಖ್ಯನೆಂದು ಎಣಿಸಲಾಗುವ ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್ ಇದ್ದುದಾದರೋ ಬೇರೆ ಸಾಗರದಲ್ಲಿ. ಅವನು 1704ರಿಂದ 1709ರವರೆಗೆ, ನಾಲ್ಕು ವರ್ಷಕ್ಕೂ ಮಿಕ್ಕ ಕಾಲ, ಶಾಂತಸಾಗರದ ಹ್ವಾನ್ ಫೆರ್ನಾಂದೆಸ್ ದ್ವೀಪಗಳಲ್ಲಿ ಒಬ್ಬನೇ ಬದುಕಿದನು. ಆ ದ್ವೀಪಕ್ಕೆ ಚಿಲಿ ದೇಶದ ಸರಕಾರವು 1966ರಲ್ಲಿ ರಾಬಿನ್ಸನ್ ಕ್ರೂಸೋನ ಹೆಸರನ್ನೇ ಇಟ್ಟಿತು. ಹೀಗೆ ಕ್ರೂಸೋನ ದ್ವೀಪ ಎಲ್ಲಿದೆಯೆಂದು ಕೇಳಿದರೆ ಪುಸ್ತಕ ಒಂದು ದಿಕ್ಕನ್ನು ತೋರುತ್ತದೆ, ಭೂಪಟ ಇನ್ನೊಂದು ದಿಕ್ಕನ್ನು ತೋರುತ್ತದೆ.

ಟೆಲಿವಿಷನ್ನಿನವರಿಗೆ ಈ ಸೌಕರ್ಯವಿಲ್ಲ. ಅವರಿಗೆ ನಿಜವಾದ ಮರಳು ಬೇಕು, ನಿಜವಾದ ಬಂಡೆ ಬೇಕು. ನಟನೂ ಸಲಕರಣೆಗಳೂ ಯೂರೋಪಿನಿಂದ ಸುಲಭವಾಗಿ ತಲುಪುವಂತಿರಬೇಕು. ಚಿತ್ರದಲ್ಲಿ ಮಾತ್ರ ಲೋಕದ ಕೊನೆಯಂತೆ ಕಾಣಬೇಕು. 1960ರ ದಶಕದ ಆರಂಭದಲ್ಲಿ ಫ್ರಾಂಕೋ ಲಂಡನ್ ಫಿಲ್ಮ್ಸ್ ಸಂಸ್ಥೆಯು ಕ್ರೂಸೋ ಧಾರಾವಾಹಿಯನ್ನು ತಯಾರಿಸಲು ಹೊರಟಾಗ ಗ್ರಾನ್ ಕನಾರಿಯಾವನ್ನು ಆರಿಸಿತು. ಈ ದ್ವೀಪವನ್ನು ಒಂದು ಪುಟ್ಟ ಖಂಡವೆಂದೇ ಕರೆಯುವ ವಾಡಿಕೆಯುಂಟು. ಸುಮಾರು 1,560 ಚದರ ಕಿಲೋಮೀಟರುಗಳ ಈ ದುಂಡು ದ್ವೀಪದ ನಡುವೆ 1,900 ಮೀಟರುಗಳಿಗೂ ಮೀರಿದ ಪರ್ವತಗಳಿವೆ. ಉತ್ತರದಲ್ಲಿ ಹಸುರು, ದಕ್ಷಿಣದಲ್ಲಿ ಮರಳುಗಾಡು, ಮಧ್ಯದಲ್ಲಿ ದೇವದಾರುವನ್ನು ಹೋಲುವ ಪೈನ್ ಮರಗಳ ಕಾಡು, ಅಲ್ಲಲ್ಲಿ ತಾಳೆಯ ಜಾತಿಯ ಮರಗಳು ತುಂಬಿದ ಕಣಿವೆಗಳು. ಒಂದೇ ದಿನದಲ್ಲಿ ನಾಲ್ಕು ದೇಶಗಳನ್ನು ಸುತ್ತಿಬಂದ ಅನುಭವ ಇಲ್ಲಿ ದೊರೆಯುತ್ತದೆ.

ಮಾತಿಲ್ಲದವನ ಮಾತು

ಸ್ಥಳ ಸಿಕ್ಕಿತು. ಆದರೆ ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಉಳಿದೇ ಇತ್ತು. ಕ್ರೂಸೋ ದ್ವೀಪದಲ್ಲಿ ಇಪ್ಪತ್ತೆಂಟು ವರ್ಷಗಳಿಗೂ ಹೆಚ್ಚು ಕಾಲ ಇರುತ್ತಾನೆ. ಅವನಿಗೆ ಫ್ರೈಡೇ ಸಿಗುವುದು ಅದರ ಕಡೆಯ ಕೆಲವು ವರ್ಷಗಳಲ್ಲಿ ಮಾತ್ರ. ಅಲ್ಲಿಯವರೆಗೆ ಅವನು ಯಾರೊಡನೆ ಮಾತನಾಡಬೇಕು? ನಾಯಿಗೆ, ಬೆಕ್ಕಿಗೆ, ಗಿಣಿಗೆ ಎಷ್ಟೆಂದು ಮಾತು ಹೇಳುವುದು? ಮಾತೇ ಇಲ್ಲದ ಕಥೆಯನ್ನು ಮನೆಮಂದಿ ವಾರವಾರವೂ ಕುಳಿತು ನೋಡುವುದುಂಟೆ?

ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದುದು. ಕ್ರೂಸೋನ ಪಾತ್ರವನ್ನು ವಹಿಸಿದ ಆಸ್ಟ್ರಿಯಾದ ತರುಣ ನಟ ರಾಬರ್ಟ್ ಹೋಫ್‌ಮನ್ ತೆರೆಯ ಮೇಲೆ ದುಡಿಯುತ್ತಾನೆ, ಹುಡುಕುತ್ತಾನೆ, ಸೋಲುತ್ತಾನೆ. ಅವನ ಮನಸ್ಸಿನಲ್ಲಿ ನಡೆಯುವುದನ್ನು ಹಿನ್ನೆಲೆಯ ಧ್ವನಿಯೊಂದು ನಿಧಾನವಾಗಿ ಹೇಳುತ್ತದೆ. ಮೂಲ ಕಾದಂಬರಿಯೂ ಕ್ರೂಸೋ ತಾನೇ ಹೇಳಿಕೊಂಡ ಕಥೆಯಾದ್ದರಿಂದ ಈ ವಿಧಾನ ಅದಕ್ಕೆ ಚೆನ್ನಾಗಿ ಒಗ್ಗಿತು. ದ್ವೀಪದ ಏಕಾಂತ ಬೇಸರ ತರಿಸಬಾರದೆಂದು ಅವನ ಹಿಂದಿನ ಬದುಕನ್ನೂ ನಡುನಡುವೆ ಹೆಣೆದರು.

ಇದರಿಂದ ಇನ್ನೊಂದು ಲಾಭವೂ ದೊರಕಿತು. ತುಟಿಯಾಡಿಸದ ನಾಯಕನಿಗೆ ಯಾವ ಭಾಷೆಯನ್ನಾದರೂ ಕೊಡಬಹುದು. ಧಾರಾವಾಹಿ 1964ರಲ್ಲಿ ಜರ್ಮನಿಯಲ್ಲಿ ನಾಲ್ಕು ದೀರ್ಘ ಭಾಗಗಳಾಗಿ ಪ್ರಸಾರವಾಯಿತು. 1965ರ ಅಕ್ಟೋಬರಿನಿಂದ ಬಿ.ಬಿ.ಸಿ.ಯಲ್ಲಿ ಅದೇ ಕಥೆ ಹದಿಮೂರು ಕಿರುಭಾಗಗಳಾಗಿ ಬಂದಿತು. ಇಂಗ್ಲಿಷಿನ ಧ್ವನಿ ಲೀ ಪೇಯಂಟ್ ಎಂಬ ಅಮೆರಿಕನ್ ನಟನದು. ಆ ಆವೃತ್ತಿಗೆ ರಾಬರ್ಟ್ ಮೆಲಿನ್ ಮತ್ತು ಜಾನ್ ಪಿಯೆರೋ ರೆವರ್ಬೆರಿ ಹೊಸ ಸಂಗೀತವನ್ನೇ ರಚಿಸಿದರು. ಬ್ರಿಟನ್ನಿನಲ್ಲಿ ಶಾಲೆಗಳಿಗೆ ರಜೆ ಬಂದಾಗಲೆಲ್ಲ ಧಾರಾವಾಹಿಯನ್ನು ಮತ್ತೆ ಮತ್ತೆ ತೋರಿಸಿದರು. ದಡಕ್ಕೆ ಉರುಳಿ ಬರುವ ಅಲೆಗಳಂತಹ ಆ ವಾದ್ಯಧ್ವನಿ ಕೇಳಿದರೆ, ಅಂದಿನ ಮಕ್ಕಳು ವೃದ್ಧಾಪ್ಯದಲ್ಲಿಯೂ ಒಂದು ಗಳಿಗೆ ಬಾಲ್ಯಕ್ಕೆ ಮರಳುತ್ತಾರೆ.

ಗುಹೆ, ಆಡು, ಬಾರ್ಲಿ

ತೆರೆಯ ಮೇಲೆ ಗ್ರಾನ್ ಕನಾರಿಯಾ ಮನುಷ್ಯರೇ ಇಲ್ಲದ ದ್ವೀಪವಾಗಿ ಕಾಣಿಸಿಕೊಂಡಿತು. ನಿಜವಾದ ಗ್ರಾನ್ ಕನಾರಿಯಾ ಹಾಗಿರಲಿಲ್ಲ. ಇಂದು ಇಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಸ್ಪೇನಿನವರು ಬರುವುದಕ್ಕೆ ನೂರಾರು ವರ್ಷಗಳ ಮೊದಲೇ, ಉತ್ತರ ಆಫ್ರಿಕದಿಂದ ಬಂದ ಜನ ಇಲ್ಲಿ ನೆಲೆಸಿದ್ದರು. ಅವರ ಬದುಕಿನ ವಿವರಗಳನ್ನು ತಿಳಿದವರು ಬೆರಗಾಗದೆ ಇರಲಾರರು.

ಕ್ರೂಸೋ ಗುಹೆಯನ್ನು ಅಗೆದು ಮನೆ ಮಾಡಿಕೊಂಡನಲ್ಲವೆ? ಪ್ರಾಚೀನ ಕನಾರಿಯನ್ನರೂ ಬೆಟ್ಟಗಳಲ್ಲಿ ಗುಹೆಗಳನ್ನು ಕೊರೆದು ಬಾಳಿದರು. ಕ್ರೂಸೋ ಕಾಡಾಡುಗಳನ್ನು ಪಳಗಿಸಿ ಚರ್ಮವನ್ನು ಉಟ್ಟನು. ಅವರೂ ಆಡುಗಳನ್ನು ಸಾಕಿ ಚರ್ಮದ ಉಡುಪು ತೊಟ್ಟರು. ಕ್ರೂಸೋ ತಾನು ಕೊಡವಿದ ಚೀಲದಿಂದ ಬಿದ್ದು ಮೊಳೆತ ಬಾರ್ಲಿಯ ತೆನೆಗಳನ್ನು ಕಂಡು ದೇವರಿಗೆ ಕೈಮುಗಿದನು. ಅವರ ಮುಖ್ಯ ಬೆಳೆಯೂ ಬಾರ್ಲಿಯೇ. ಕ್ರೂಸೋ ತಿಗರಿಯಿಲ್ಲದೆ ಕೈಯಿಂದಲೇ ಮಡಕೆಗಳನ್ನು ಮಾಡಿದಂತೆ ಅವರೂ ಮಾಡುತ್ತಿದ್ದರು. ಒಬ್ಬ ಇಂಗ್ಲಿಷನು ಏಕಾಂಗಿಯಾಗಿ ಸಾಧಿಸಿದನೆಂದು ಲೋಕವೇ ಮೆಚ್ಚಿದ ಬದುಕನ್ನು, ಕ್ರೂಸೋಗೆ ದೊರೆತ ಕಬ್ಬಿಣದ ಒಂದು ಕೊಡಲಿಯೂ ಇಲ್ಲದೆ, ಒಂದು ಜನಾಂಗವೇ ಇಲ್ಲಿ ತಲೆತಲಾಂತರದಿಂದ ನಡೆಸಿಕೊಂಡು ಬಂದಿತ್ತು.

ಬಾರ್ಲಿಯನ್ನು ಹುರಿದು ಬೀಸಿದ ಅವರ ಹಿಟ್ಟಿಗೆ ಗೋಫಿಯೋ ಎಂದು ಹೆಸರು. ಕನ್ನಡ ನಾಡಿನ ಹುರಿಹಿಟ್ಟನ್ನು ಬಲ್ಲವರಿಗೆ ಅದರ ರುಚಿಯನ್ನು ವರ್ಣಿಸಬೇಕಾಗಿಲ್ಲ. ಇಂದಿಗೂ ಅಲ್ಲಿಯ ಮನೆಗಳಲ್ಲಿ ಗೋಫಿಯೋವನ್ನು ಹಾಲಿನಲ್ಲಿ ಕದಡಿ ಕುಡಿಯುತ್ತಾರೆ, ಸಾರಿನಲ್ಲಿ ಕಲಸಿ ತಿನ್ನುತ್ತಾರೆ. ಉತ್ತರದ ವಲೆರೋನ್ ಎಂಬಲ್ಲಿ ಬಂಡೆಯ ಮೈಯಲ್ಲಿ ಜೇನುಗೂಡಿನಂತೆ ಕೊರೆದ ನೂರಾರು ಕೋಣೆಗಳಿವೆ. ಅವು ಆ ಜನರ ಕಣಜಗಳು. ಗಾಲ್ದಾರ್ ಊರಿನ ಗುಹೆಯೊಂದರ ಗೋಡೆಗಳಲ್ಲಿ ಅವರು ಬಣ್ಣಗಳಿಂದ ಬರೆದ ತ್ರಿಕೋನಗಳೂ ಚೌಕಗಳೂ ಉಳಿದಿವೆ. ಪರ್ವತ ಪ್ರದೇಶದ ಅವರ ಪವಿತ್ರ ಸ್ಥಳಗಳನ್ನು ಯುನೆಸ್ಕೋ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಜನರ ಕಥೆ ಸುಖಾಂತವಾಗಲಿಲ್ಲ. 1478ರಲ್ಲಿ ಕ್ಯಾಸ್ಟೀಲಿನ ಸೈನಿಕರು ಬಂದಿಳಿದು ಲಾಸ್ ಪಾಲ್ಮಾಸ್ ನಗರಕ್ಕೆ ಅಡಿಪಾಯ ಹಾಕಿದರು. 1483ರ ಹೊತ್ತಿಗೆ ದ್ವೀಪ ಅವರ ವಶವಾಯಿತು. ಹಲವರು ಯುದ್ಧದಲ್ಲಿ ಮಡಿದರು, ಹಲವರನ್ನು ಗುಲಾಮರಾಗಿ ಮಾರಿದರು, ಉಳಿದವರು ಹೊಸಬರೊಡನೆ ಬೆರೆತುಹೋದರು. ಡೆಫೋನ ಪುಸ್ತಕದಲ್ಲಿಯೂ ಇದರ ನೆರಳಿದೆ. ಜೊತೆಯಲ್ಲಿ ತಪ್ಪಿಸಿಕೊಂಡು ಬಂದ ಕ್ಸೂರಿಯನ್ನು ಕ್ರೂಸೋ ಮುಂದೆ ಹಡಗಿನ ಕಪ್ತಾನನಿಗೆ ಹಣಕ್ಕೆ ಒಪ್ಪಿಸುತ್ತಾನೆ. ಅವನ ಹಡಗು ಒಡೆದುದೂ ಆಫ್ರಿಕದಿಂದ ಗುಲಾಮರನ್ನು ತರಲು ಹೊರಟ ಯಾತ್ರೆಯಲ್ಲಿಯೇ. ನಿರ್ಜನ ದ್ವೀಪವೆಂಬ ಕನಸು ಎಷ್ಟು ಮೋಹಕವೋ ಅಷ್ಟೇ ಮರೆವಿನದು. ಎಷ್ಟೋ ದ್ವೀಪಗಳು ನಿರ್ಜನವಾಗಿ ಹುಟ್ಟಲಿಲ್ಲ. ಅವುಗಳನ್ನು ನಿರ್ಜನವಾಗಿ ಮಾಡಲಾಯಿತು.

ಹೆಜ್ಜೆಯ ಗುರುತು

ಈ ದ್ವೀಪಕ್ಕೆ ಬಂದವರು ದಕ್ಷಿಣದ ತುದಿಯ ಮಾಸ್‌ಪಲೋಮಾಸನ್ನು ನೋಡದೆ ಹಿಂದಿರುಗುವುದಿಲ್ಲ. ಸುಮಾರು 400 ಹೆಕ್ಟೇರುಗಳಷ್ಟು ವಿಸ್ತಾರದಲ್ಲಿ, ಗಾಳಿ ಕಟ್ಟಿದ ಮರಳಿನ ದಿಬ್ಬಗಳು ಸಮುದ್ರದವರೆಗೂ ಚಾಚಿವೆ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದೊಂದು ದಿಬ್ಬದ ಅರ್ಧ ಹೊನ್ನಿನ ಬಣ್ಣ, ಅರ್ಧ ನೆರಳು. ಅಂಚಿನಲ್ಲಿ 1890ರಿಂದ ಬೆಳಗುತ್ತಿರುವ ದೀಪಸ್ತಂಭ.

ಟೆಲಿವಿಷನ್ನಿನ ಕ್ರೂಸೋ ದ್ವೀಪಕ್ಕೆ ಬಂದುದು ಒಂದು ಸಂಧಿಕಾಲದಲ್ಲಿ. ಅಲ್ಲಿಯವರೆಗೆ ಈ ದಕ್ಷಿಣ ತೀರದಲ್ಲಿ ಮುಖ್ಯವಾಗಿ ಕಾಣುತ್ತಿದ್ದವು ಟೊಮೇಟೋ ತೋಟಗಳು. ಇಲ್ಲಿ ಪ್ರವಾಸಿ ನಗರವನ್ನು ಕಟ್ಟಲು 1960ರ ದಶಕದ ಆರಂಭದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ನಡೆದು ಯೋಜನೆ ಸಿದ್ಧವಾಯಿತು. ಮುಂದಿನ ವರ್ಷಗಳಲ್ಲಿ ಹೋಟೆಲುಗಳ ಸಾಲು ಎದ್ದಿತು. ಉತ್ತರ ಯೂರೋಪಿನ ಚಳಿಯಿಂದ ತಪ್ಪಿಸಿಕೊಳ್ಳಲು ಜನ ವಿಮಾನಗಳಲ್ಲಿ ಬಂದಿಳಿದರು. ಕಪ್ಪುಬಿಳುಪಿನ ತೆರೆಯ ಮೇಲೆ ಉಳಿದ ಆ ಹದಿಮೂರು ಭಾಗಗಳು, ಬದಲಾವಣೆಯ ಹೊಸ್ತಿಲಲ್ಲಿದ್ದ ದ್ವೀಪದ ನೆನಪನ್ನೂ ಕಾಪಾಡಿಕೊಂಡು ಬಂದಿವೆ.

ದಿಬ್ಬಗಳಿಗೂ ಈ ಬದಲಾವಣೆ ತಟ್ಟದೆ ಇರಲಿಲ್ಲ. ಎತ್ತರದ ಕಟ್ಟಡಗಳು ಗಾಳಿಯ ದಾರಿಯನ್ನು ಬದಲಿಸಿದವು. ಗಾಳಿ ಬದಲಾದೊಡನೆ ಮರಳಿನ ನಡೆಯೂ ಬದಲಾಯಿತು. ಸಮುದ್ರಕ್ಕೆ ಸೇರಿದ ಮರಳು ಹಿಂದಕ್ಕೆ ಬರುವುದಿಲ್ಲ. ಪ್ರದೇಶವನ್ನು ಸಂರಕ್ಷಿತವೆಂದು ಸಾರಿ, ಗುರುತು ಮಾಡಿದ ದಾರಿಗಳಲ್ಲಿ ಮಾತ್ರ ನಡೆಯಬೇಕೆಂಬ ನಿಯಮವನ್ನು ಮಾಡಿದ್ದಾರೆ.

ಕ್ರೂಸೋನ ಕಥೆಯಲ್ಲಿ ಮರೆಯಲಾಗದ ಕ್ಷಣ ಯಾವುದೆಂದು ಕೇಳಿದರೆ ಓದುಗರೆಲ್ಲರೂ ಒಂದೇ ಉತ್ತರ ಹೇಳುವರು: ಮರಳಿನ ಮೇಲೆ ಮೂಡಿದ ಒಂಟಿ ಹೆಜ್ಜೆಯ ಗುರುತು. ವರ್ಷಗಳ ಕಾಲ ಮನುಷ್ಯನ ಮುಖಕ್ಕಾಗಿ ಹಂಬಲಿಸಿದವನು, ಮನುಷ್ಯನ ಪಾದದ ಒಂದು ಗುರುತನ್ನು ಕಂಡೊಡನೆ ಸಿಡಿಲೆರಗಿದಂತೆ ನಿಂತುಬಿಡುತ್ತಾನೆ. ಮಾಸ್‌ಪಲೋಮಾಸಿನ ಮರಳಿನ ಮೇಲೆ ಇಂದು ಸಂಜೆಯ ಹೊತ್ತಿಗೆ ಮೂಡುವ ಹೆಜ್ಜೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಬೆದರಬೇಕಾದವನು ಮನುಷ್ಯನಲ್ಲ, ಮರಳು.

ರಾತ್ರಿ ಗಾಳಿ ಬೀಸುತ್ತದೆ. ಅಷ್ಟೂ ಹೆಜ್ಜೆಗಳನ್ನು ಒಂದೊಂದಾಗಿ ಒರಸುತ್ತದೆ. ಸೂರ್ಯ ಹುಟ್ಟುವ ಸಮಯಕ್ಕೆ ದಿಬ್ಬಗಳು ಯಾರೂ ಕಾಲಿಡದ ನೆಲದಂತೆ ಮತ್ತೆ ನುಣುಪಾಗಿ ನಿಂತಿರುತ್ತವೆ. ದಿನದ ಮೊದಲ ಪ್ರವಾಸಿ ಬರುವವರೆಗೆ ಮಾತ್ರ, ಇನ್ನೂರಾರು ಪುಟಗಳ ಆಚೆಯಿಂದ ಹಡಗೊಡೆದವನೊಬ್ಬ ಈಗ ತಾನೇ ತೆವಳಿಕೊಂಡು ಬಂದು ಈ ದಡವನ್ನು ಮುಟ್ಟಿದನೇನೋ ಎಂದು ನಂಬುವುದಕ್ಕೆ ಅಲ್ಲಿ ಅವಕಾಶವಿದೆ.