ಎತ್ತರಕ್ಕೆ ತಕ್ಕ ಸೈಕಲ್ಲು

ನಿಮ್ಮ ಮನೆಯ ಮಗು ಸೈಕಲ್ಲೇರಿ ಶಾಲೆಗೆ ಹೊರಟಾಗ ಒಮ್ಮೆ ಹಿಂದಿನಿಂದ ನೋಡಿರಿ. ಸೊಂಟ ಎಡಕ್ಕೂ ಬಲಕ್ಕೂ ಹೊರಳುತ್ತಿದೆಯೇ? ಕೆಳಗಿಳಿದ ಪೆಡಲಿಗೆ ಕಾಲ್ಬೆರಳ ತುದಿ ಮಾತ್ರ ತಾಗುತ್ತಿದೆಯೇ? ಹಾಗಿದ್ದರೆ ಸೀಟು ಎತ್ತರವಾಯಿತು. ಕೆಲವೊಮ್ಮೆ ಸೈಕಲ್ಲೇ ದೊಡ್ಡದಾಯಿತು.

ಶಿಕಾರಿಪುರ, ಸೊರಬ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಿಂದ ಪ್ರೌಢಶಾಲೆ ದೂರ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲು ಕೊಡತೊಡಗಿದಾಗ ಹಣಕಾಸು ಖಾತೆ ಶಿಕಾರಿಪುರದ ಶಾಸಕರಾದ ಬಿ.ಎಸ್. ಯಡಿಯೂರಪ್ಪನವರ ಬಳಿಯಿತ್ತು. ಮರುವರ್ಷ ಹುಡುಗರಿಗೂ ಸೈಕಲ್ಲು ದೊರೆಯಿತು. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತಿತು. ಅಣ್ಣನ ಹಳೆಯ ಸೈಕಲ್ಲು ತಂಗಿಯ ಪಾಲಿಗೆ ಬರುವ ಮನೆಗಳೂ ಇವೆ.

ಸೊರಬದ ಕಡೆಯ ನಮ್ಮ ಬಂಧುಗಳ ಮಗಳಿಗೆ ಹೀಗೆ ಬಂದದ್ದು 22 ಇಂಚಿನ ಗಂಡಸರ ಸೈಕಲ್ಲು. ನಿಲ್ಲಿಸಿದರೆ ನೆಲಕ್ಕೆ ಕಾಲೆಟುಕದು. ಎದುರಿಗೆ ಲಾರಿ ಬಂದರೆ ಹಾರಿಯೇ ಇಳಿಯಬೇಕು. ದಿನವೂ ತೊಡೆಸಂದಿನಲ್ಲಿ ನೋವು. ನಾಚಿಕೆಯಿಂದ ಅದನ್ನು ಯಾರಿಗೂ ಹೇಳದೆ, "ಇನ್ನು ಶಾಲೆಗೆ ಹೋಗುವುದಿಲ್ಲ" ಎಂದುಬಿಟ್ಟಳು. ಸೋಮಾರಿತನವೆಂದು ಮನೆಯವರು ಗದರಿದರು. ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತ ನಮ್ಮ ತಲೆಮಾರಿಗೆ ಇದು ದೊಡ್ಡ ಕಷ್ಟವೆಂದು ತೋರುವುದೇ ಇಲ್ಲ! ಆದರೆ ಕಲಿಯುವುದು ಬೇರೆ, ಬೆನ್ನಿಗೆ ಚೀಲ ಹೊತ್ತು ನಿತ್ಯ ಹೋಗಿಬರುವುದು ಬೇರೆ.

ಸೈಕಲ್ ರಿಪೇರಿಯವನು ಸೀಟನ್ನು ಪೂರ್ತಿ ಇಳಿಸಿದರೂ ಸಾಲಲಿಲ್ಲ. ಸೀಟನ್ನು ಸ್ಪ್ಯಾನರಿನಿಂದ ಏರಿಸಿ ಇಳಿಸಬಹುದು, ಹ್ಯಾಂಡಲನ್ನೂ ಸ್ವಲ್ಪ ಎತ್ತಬಹುದು. ಫ್ರೇಮಿನ ಕಬ್ಬಿಣ ಮಾತ್ರ ಕುಗ್ಗದು. ಬೆಳೆಯುವ ಮಗುವೆಂದು ಸಮವಸ್ತ್ರವನ್ನು ದೊಡ್ಡದಾಗಿ ಹೊಲಿಸಿ ಅಂಚು ಮಡಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ. ಕೊನೆಗೆ ಅದನ್ನು ಮಾರಿ, ಅಡ್ಡಕಂಬಿಯಿಲ್ಲದ ಚಿಕ್ಕ ಸೈಕಲ್ಲನ್ನು ಹಳೆಯದೇ ಕೊಂಡರು. ಹುಡುಗಿ ಹತ್ತನೆಯ ತರಗತಿ ಮುಗಿಸಿದಳು.

ಕೊಳ್ಳುವಾಗ ಮಗುವನ್ನೂ ಅಂಗಡಿಗೆ ಕರೆದೊಯ್ಯಿರಿ. ಟೈರಿನ ಮೇಲಿನ 26, 28 ಎಂಬ ಅಂಕಿ ಚಕ್ರದ್ದು. ಫ್ರೇಮಿನ ಅಳತೆಯೆಂದರೆ ಪೆಡಲಿನ ಅಚ್ಚಿನಿಂದ ಸೀಟಿನ ಕೊಳವೆಯ ತುದಿಯವರೆಗಿನ ಉದ್ದ. ಅಡ್ಡಕಂಬಿಯ ಸೈಕಲ್ಲಾದರೆ, ಅದರ ಎರಡೂ ಬದಿಗೆ ಪಾದವೂರಿ ನಿಂತಾಗ ಕಂಬಿ ಮೈಗೆ ತಾಗದಿರಬೇಕು. ಸೀಟಿನ ಮೇಲೆ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ತಗ್ಗಿರಲಿ. ಪ್ರತಿವರ್ಷ ಶಾಲೆ ತೆರೆಯುವ ಮುನ್ನ ಸೀಟನ್ನು ಮತ್ತೊಮ್ಮೆ ಸರಿಪಡಿಸಿರಿ. ಏರಿಸುವಾಗ ಸೀಟಿನ ಕಂಬಿಯ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣದಿರಲಿ. ಕಂಡರೆ ಕಂಬಿ ಮುರಿಯುವ ಅಪಾಯವಿದೆ.