ಬಂದರಿನಲ್ಲಿ ಇಳಿದು ಎಲ್ಲಿಗೆ?

ಕೃಷ್ಣಾ ಮತ್ತು ವಾರಣಾ ನದಿಗಳ ನಡುವಿನ ಸಮಡೋಳಿಯಲ್ಲಿ ಕುಳಿತು ಸಮುದ್ರದ ಹಡಗಿನ ಸುದ್ದಿ ಬರೆದರೆ ವಾಚಕರಿಗೆ ನಗು ಬಂದೀತು. ನಾವು ಕಂಡ ದೊಡ್ಡ ನೀರೆಂದರೆ 2005, 2019 ಮತ್ತು 2021ರಲ್ಲಿ ಸಾಂಗ್ಲಿ ಸೀಮೆಗೆ ಬಂದ ನೆರೆ. ಅಂಥ ನಾವು ಏಳು ಜನ 2025ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಹಡಗು ಹತ್ತಿ, ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಎಂಬ ಮೂರು ಬಂದರುಗಳನ್ನು ಮುಟ್ಟಿ, ಐದು ರಾತ್ರಿಗಳ ಬಳಿಕ ಸಿಂಗಾಪುರಕ್ಕೇ ಮರಳಿದೆವು. ಖರ್ಚಿನ ಹೆಚ್ಚಿನ ಪಾಲು ಪುಣೆಯಲ್ಲಿರುವ ಅಣ್ಣನದು. ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು, ನಾವು ಗಂಡ ಹೆಂಡತಿ, ಮತ್ತು 74 ವರ್ಷದ ಅವ್ವ. ಅವ್ವ ಹಾಕಿದ ಷರತ್ತು ಒಂದೇ: ಮಾರ್ಚ್ 5ರ ವಿಭೂತಿ ಬುಧವಾರದೊಳಗೆ ಮನೆ ಸೇರಬೇಕು.

ಹಡಗಿನೊಳಗಿನ ವೈಭವ, ಊಟ, ಆಟ, ಈಜುಕೊಳ ಇವುಗಳನ್ನು ಕುರಿತು ಬರೆಯಲು ನಮಗೆ ಮನಸ್ಸಿಲ್ಲ. ಅದನ್ನು ಜಾಹೀರಾತಿನವರೇ ಬೇಕಾದಷ್ಟು ಬರೆದಿದ್ದಾರೆ. ನಮ್ಮ ಮನೆಯಲ್ಲಿ ಹೊರಡುವ ಹಿಂದಿನ ದಿನದವರೆಗೆ ಚರ್ಚೆ ನಡೆದದ್ದು ಬಂದರುಗಳ ವಿಷಯವಾಗಿ. ಹಡಗು ಬೆಳಿಗ್ಗೆ ಬಂದು ನಿಲ್ಲುತ್ತದೆ, ಸಂಜೆ ಹೊರಡುತ್ತದೆ. ನಡುವೆ ಸಿಗುವ ಎಂಟು ಒಂಬತ್ತು ತಾಸಿನಲ್ಲಿ ಏನು ನೋಡಬೇಕು, ಏನು ಬಿಡಬೇಕು?

ಚರ್ಚೆಗೆ ಕಿಡಿ ಹಚ್ಚಿದವಳು ಅವ್ವ. ಗೋವಾದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ದೇಹದ ದರ್ಶನಕ್ಕೆ ಅವಳು 1994ರಿಂದ ಒಂದು ಸಲವೂ ತಪ್ಪಿಸಿದವಳಲ್ಲ. ಕಳೆದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಮೀರಜಿಗೆ ಮರಳುವಾಗ ರೈಲಿನಲ್ಲಿ ಜೊತೆಗಿದ್ದ ಸಿಸ್ಟರೊಬ್ಬರು, "ಗೋವಾಕ್ಕೆ ತರುವ ಮೊದಲು ಸಂತರನ್ನು ಮಲಕ್ಕಾದಲ್ಲಿ ಮಣ್ಣು ಮಾಡಿದ್ದರು, ಆ ಗೋರಿ ಈಗಲೂ ಖಾಲಿ ಇದೆ" ಎಂದು ಹೇಳಿದರಂತೆ. ಮನೆಗೆ ಬಂದವಳೇ ಮೊಮ್ಮಗನ ಮೊಬೈಲಿನಲ್ಲಿ ನಕಾಶೆ ತೆಗೆಸಿದಳು. ಮಲಕ್ಕಾ ನಮ್ಮ ಹಡಗಿನ ದಾರಿಯಲ್ಲೇ ಇತ್ತು. ಹಡಗು ಮಾತ್ರ ಅಲ್ಲಿ ನಿಲ್ಲುವಂತಿರಲಿಲ್ಲ.

ಸಿಸ್ಟರ್ ಹೇಳಿದ್ದು ನಿಜವೇ. ಸಂತರು 1545ರಲ್ಲಿ ಮೊದಲ ಸಲ ಮಲಕ್ಕಾಕ್ಕೆ ಹೋದವರು, ಆಮೇಲೆ ಹಲವು ಸಲ ಅಲ್ಲಿ ತಂಗಿದರು. ಅಂಜಿರೊ ಎಂಬ ಜಪಾನೀಯನ ಭೇಟಿಯಾದದ್ದು 1547ರಲ್ಲಿ ಅಲ್ಲಿಯೇ. ಅದರಿಂದಲೇ 1549ರ ಜಪಾನ್ ಯಾತ್ರೆ ನಡೆಯಿತು. 1552ರ ಡಿಸೆಂಬರ್ 3ರಂದು ಚೀನಾದ ಬಾಗಿಲಲ್ಲಿರುವ ಒಂದು ದ್ವೀಪದಲ್ಲಿ ಅವರು ಪ್ರಾಣ ಬಿಟ್ಟರು. 1553ರ ಮಾರ್ಚಿನಲ್ಲಿ ದೇಹವನ್ನು ಮಲಕ್ಕಾಕ್ಕೆ ತಂದು, ಗುಡ್ಡದ ಮೇಲೆ ಪೋರ್ಚುಗೀಸರು 1521ರಲ್ಲಿ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಕಟ್ಟಿದ್ದ ದೇವಾಲಯದಲ್ಲಿ ಸಮಾಧಿ ಮಾಡಿದರು. ಕೆಲವು ತಿಂಗಳಲ್ಲೇ ಹೊರತೆಗೆದು, ಅದೇ ವರ್ಷದ ಕೊನೆಗೆ ಹಡಗಿಗೇರಿಸಿದರು. ಗೋವಾ ತಲುಪಿದ್ದು 1554ರ ಮಾರ್ಚಿನಲ್ಲಿ.

ಇನ್ನು ಬಂದರಿನ ಮಾತು. ನಮ್ಮ ಟಿಕೆಟಿನ ಜೊತೆ ಬಂದ ಕಾಗದದಲ್ಲಿ "ಕ್ವಾಲಾಲಂಪುರ" ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಸಣ್ಣಕ್ಷರದಲ್ಲಿ "ಪೋರ್ಟ್ ಕ್ಲಾಂಗ್". ಆ ಸಣ್ಣಕ್ಷರವನ್ನು ನಾವು ತಡವಾಗಿ ಓದಿದೆವು. ಕ್ವಾಲಾಲಂಪುರಕ್ಕೆ ಸಮುದ್ರವೇ ಇಲ್ಲ. ಬಂದರಿನಿಂದ ಪಟ್ಟಣ ಸುಮಾರು ಸಾಂಗ್ಲಿಯಿಂದ ಕೊಲ್ಲಾಪುರದಷ್ಟು ದೂರ. ಈ ಭಾಗದ ಬೇರೆ ಬಂದರುಗಳದೂ ಇದೇ ಕಥೆ. "ಬ್ಯಾಂಕಾಕ್" ಎಂದು ಬರೆದಿದ್ದರೆ ದೊಡ್ಡ ಹಡಗು ನಿಲ್ಲುವುದು ಸುಮಾರು 120 ಕಿ.ಮೀ. ದೂರದ ಲೇಮ್ ಚಬಾಂಗ್‌ನಲ್ಲಿ. "ಹೊ ಚಿ ಮಿನ್ ನಗರ" ಎಂದಿದ್ದರೆ ಬಹಳ ಸಲ ಫೂ ಮಿ ಎಂಬಲ್ಲಿ, ಅಲ್ಲಿಂದ ಬಸ್ಸಿಗೆ ಎರಡು ತಾಸಿನ ಹತ್ತಿರ. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಪೆನಾಂಗ್ ಮಾತ್ರ ಇದಕ್ಕೆ ಹೊರತು. ಅಲ್ಲಿ ಹಡಗಿನ ಮೆಟ್ಟಿಲಿಳಿದರೆ ಊರೊಳಗೇ ಕಾಲಿಟ್ಟಂತೆ.

ಪೋರ್ಟ್ ಕ್ಲಾಂಗ್‌ನಿಂದ ಮಲಕ್ಕಾ ಎಷ್ಟು ದೂರ? ಮೀರಜಿನಿಂದ ಬೆಳಗಾವಿಗಿಂತ ಸ್ವಲ್ಪ ಹೆಚ್ಚು. ಒಳ್ಳೆಯ ರಸ್ತೆ, ಎರಡು ತಾಸು ಎಂದರು. ಆದರೆ ಮಕ್ಕಳಿಗೆ 88 ಅಂತಸ್ತಿನ ಪೆಟ್ರೊನಾಸ್ ಜೋಡಿ ಗೋಪುರ ಬೇಕು, ವೈನಿಗೆ ಬಾಟು ಗುಹೆಯ ಎದುರಿನ ಬಂಗಾರ ಬಣ್ಣದ ಮುರುಗನ ಮೂರ್ತಿ ಬೇಕು, ಅಣ್ಣನಿಗೆ ಎಲ್ಲವೂ ಬೇಕು, ಸಮಯವಿದ್ದರೆ ಪೇಟೆಯೂ ಬೇಕು. ಅವ್ವ ಒತ್ತಾಯ ಮಾಡಲಿಲ್ಲ. "ನೀವು ಹೆಂಗ ಅಂತೀರಿ ಹಂಗ" ಅಂದು ಸುಮ್ಮನಾದಳು. ಅವಳು ಹಾಗಂದರೆ ಅದರ ಅರ್ಥವೇನೆಂದು ಮನೆಯವರಿಗೆಲ್ಲ ಗೊತ್ತು.

ನಮ್ಮ ಓಣಿಯ ಹಿರಿಯ ಜೈನ ಕಾಕಾ ಒಂದು ಸಂಜೆ ಚಹಾಕ್ಕೆ ಬಂದಾಗ ಈ ಪಂಚಾಯಿತಿ ಅವರ ಮುಂದೂ ಹೋಯಿತು. ಅವರು ಹಡಗು ಕಂಡವರಲ್ಲ, ಯಾತ್ರೆ ಕಂಡವರು. "ನಾವು ಶಿಖರ್ಜಿಗೆ ಹೋದಾಗ ದಾರ್ಯಾಗಿನ ಊರ ಒಂದೂ ನೋಡಲಿಲ್ಲ. ಗುಡ್ಡ ಹತ್ತಿದಿವಿ, ಇಳದಿವಿ, ಬಂದಿವಿ. ಅವ್ವಗ ಒಂದ ಗುಡ್ಡ ತೋರಸ್ರಿ, ಹುಡುಗರಿಗೆ ಗೋಪುರ ತೋರಸ್ರಿ. ಎಲ್ಲಾರೂ ಒಂದ ಗಾಡ್ಯಾಗ ಹೋಗಬೇಕಂತ ಯಾರ ಹೇಳ್ಯಾರ?" ಎಂದರು. ಏಳು ಜನ ಒಟ್ಟಿಗೆ ಹೊರಟವರು ಒಟ್ಟಿಗೇ ತಿರುಗಬೇಕೆಂದು ನಮಗೆ ನಾವೇ ಕಟ್ಟಿಕೊಂಡಿದ್ದ ಗಂಟು ಅಷ್ಟಕ್ಕೆ ಬಿಚ್ಚಿತು.

ಅಣ್ಣನ ಕುಟುಂಬ ಹಡಗಿನವರದೇ ಬಸ್ಸಿನಲ್ಲಿ ಕ್ವಾಲಾಲಂಪುರಕ್ಕೆ, ನಾವಿಬ್ಬರು ಅವ್ವನೊಡನೆ ಬಾಡಿಗೆ ಕಾರಿನಲ್ಲಿ ಮಲಕ್ಕಾಕ್ಕೆ ಎಂದು ಗೊತ್ತಾಯಿತು. ಇಲ್ಲಿ ಒಂದು ವ್ಯತ್ಯಾಸವನ್ನು ಹೊರಡುವವರು ಚೆನ್ನಾಗಿ ತಿಳಿದಿರಬೇಕು. ಹಡಗಿನವರೇ ಕರೆದೊಯ್ದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರು ತಡಮಾಡಿದರೆ ಕಾಯುವುದಿಲ್ಲ. ಸಾಮಾನು ಹಡಗಿನಲ್ಲಿ, ನಾವು ದಡದಲ್ಲಿ, ಮುಂದಿನ ಬಂದರಿಗೆ ನಮ್ಮ ದುಡ್ಡಿನಲ್ಲೇ ಹೋಗಿ ಹಡಗು ಹಿಡಿಯಬೇಕು. ನಮ್ಮ ಮುಂದಿನ ದೇಶಗಳ ವೀಸಾ, ಅವ್ವನ ರಕ್ತದೊತ್ತಡದ ಗುಳಿಗೆ, ಎಲ್ಲ ಲೆಕ್ಕ ಹಾಕಿದೆವು. ಗುಳಿಗೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿಟ್ಟೆವು. ಬಂದರಿನಲ್ಲಿರುವ ಹಡಗಿನ ಏಜೆಂಟರ ಫೋನ್ ನಂಬರು ಪ್ರತಿದಿನ ಕೋಣೆಗೆ ಬರುವ ಕಾಗದದಲ್ಲಿರುತ್ತದೆ. ಅದನ್ನು ಮೂವರ ಜೇಬಿನಲ್ಲೂ ಬರೆದಿಟ್ಟೆವು. ಸಂಜೆ ಐದೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು. ಮಧ್ಯಾಹ್ನ ಒಂದಕ್ಕೆ ಮಲಕ್ಕಾ ಬಿಟ್ಟರೆ ಎರಡು ತಾಸು ಹೆಚ್ಚುವರಿ ಉಳಿಯುತ್ತದೆ ಎಂದು ನಮ್ಮ ಲೆಕ್ಕ.

ಹಡಗಿನಿಂದ ಹೊರಬೀಳುವುದೇ ಒಂಬತ್ತಾಯಿತು. ಮಲಕ್ಕಾ ಮುಟ್ಟಿದಾಗ ಹನ್ನೊಂದೂವರೆ ಸಮೀಪ. ಕೆಂಪು ಬಣ್ಣದ ಡಚ್ಚರ ಕಟ್ಟಡಗಳು, 1753ರ ಅವರ ಚರ್ಚು, ಹೂವಿನಿಂದ ಸಿಂಗರಿಸಿದ ಸೈಕಲ್ ರಿಕ್ಷಾಗಳು, ಅವುಗಳ ಹಾಡಿನ ಗದ್ದಲ. ಹಿಂದೆಯೇ ಸಂತ ಪೌಲರ ಗುಡ್ಡ. ನಮ್ಮ ಕಣ್ಣಿಗೆ ಸಣ್ಣ ಗುಡ್ಡ. ಅವ್ವನ ಮೊಣಕಾಲಿಗೆ ಸಣ್ಣದಲ್ಲ. ಮೇಲಿನ ಸೂರ್ಯನಂತೂ ನಮ್ಮ ಏಪ್ರಿಲ್ ತಿಂಗಳನ್ನು ನಾಚಿಸುವಂತಿದ್ದ. ಮೂರು ಕಡೆ ಕೂತು ಕೂತು ಹತ್ತಿದಳು. ನಡುವೆ ಒಮ್ಮೆ, "ನೀವು ನೋಡಿ ಬರ್ರಿ, ನಾ ಇಲ್ಲೇ ಕೂಡ್ತೀನಿ" ಎಂದಾಗ ನಮ್ಮ ಎದೆ ಧಸಕ್ಕೆಂದಿತು. ಇಷ್ಟು ದೂರ ಕರೆತಂದು ಇಲ್ಲಿ ಕೂರಿಸುವುದೇ? ನೀರು ಕುಡಿಸಿ, ಬಟ್ಟೆಯಿಂದ ಗಾಳಿ ಹಾಕಿದೆವು. ಹತ್ತು ನಿಮಿಷವಾದ ಮೇಲೆ ತಾನೇ ಎದ್ದಳು.

ಮೇಲೆ ಮಾಡು ಇಲ್ಲದ ದೇವಾಲಯ. ಗೋಡೆಗಳು ಮಾತ್ರ ನಿಂತಿವೆ. 1641ರಲ್ಲಿ ಊರು ಡಚ್ಚರ ಕೈಸೇರಿ, ಅವರು ತಮ್ಮ ಹೊಸ ಚರ್ಚು ಕಟ್ಟಿದ ಮೇಲೆ ಇದನ್ನು ಗೋರಿಗಳ ಜಾಗ ಮಾಡಿಕೊಂಡರು. ಆಳೆತ್ತರದ ಗೋರಿಕಲ್ಲುಗಳನ್ನು ಈಗ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. ಎದುರಿಗೆ 1952ರಲ್ಲಿ ನಿಲ್ಲಿಸಿದ ಸಂತರ ಬಿಳಿ ಪ್ರತಿಮೆ. ಅದಕ್ಕೆ ಬಲಗೈ ಇಲ್ಲ. ಮರ ಬಿದ್ದು ಮುರಿಯಿತಂತೆ. ಸಂತರ ಬಲ ಮುಂಗೈಯನ್ನು 1614ರಲ್ಲಿ ದೇಹದಿಂದ ಬೇರ್ಪಡಿಸಿ ರೋಮಿಗೆ ಒಯ್ದ ಸಂಗತಿ ಅವ್ವನಿಗೆ ಗೊತ್ತಿತ್ತು. ಪ್ರತಿಮೆಯ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡಳು.

ಒಳಗೆ ನೆಲದಲ್ಲಿ ಒಂದು ತಗ್ಗು, ಮೇಲೆ ತಂತಿಯ ಜಾಳಿಗೆ. ಅಷ್ಟೇ. ಒಳಗೆ ಜನ ಎಸೆದ ನಾಣ್ಯಗಳು. ಅವ್ವ ಬಹಳ ಹೊತ್ತು ಬಾಗಿ ನೋಡಿ, "ಇಷ್ಟ ಸಣ್ಣದ?" ಎಂದಳು. ಗೋವಾದಲ್ಲಿ ಸಂತರನ್ನು ನೋಡಲು ತಾಸುಗಟ್ಟಲೆ ಸಾಲಿನಲ್ಲಿ ನಿಂತು, ಎದುರಿಗೆ ಬಂದಾಗ ಹಿಂದಿನವರು ನೂಕಿ, ಎರಡು ಕ್ಷಣವೂ ಸಿಗದೆ ಮುಂದೆ ಸಾಗಿದವಳು ಅವಳು. ಇಲ್ಲಿ ನೂಕುವವರಿಲ್ಲ. ಗೋಡೆಯ ಬುಡದಲ್ಲಿ ಕೂತು ಜಪಸರ ತೆಗೆದಳು. ನಾವೂ ಕೂತೆವು. ಮೂರನೆಯ ರಹಸ್ಯ ನಡೆದಾಗ ಗಡಿಯಾರ ನೋಡಿದರೆ ಒಂದೂ ಹತ್ತು.

ಆಮೇಲೆ ನಾವು ಮಾಡಿದ್ದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಅವ್ವನ ರಟ್ಟೆ ಹಿಡಿದು ಎಬ್ಬಿಸಿದೆವು. "ಉಳಿದದ್ದು ಕಾರಿನ್ಯಾಗ ಹೇಳೂಣು" ಎಂದೆವು. ಗುಡ್ಡದ ಬುಡದಲ್ಲಿ ಸಂತರ ಹೆಸರಿನದೇ ಒಂದು ದೇವಾಲಯವಿದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಎರಡು ಗೋಪುರಗಳ ದೇವಾಲಯ. ಅಲ್ಲಿ ಒಂದು ಮೇಣದಬತ್ತಿ ಹಚ್ಚಬೇಕೆಂದು ಅವ್ವನ ಆಸೆ. ಕಾರಿನ ಕಿಟಕಿಯಿಂದ ತೋರಿಸಿಕೊಂಡು ಮುಂದೆ ಹೋದೆವು.

ಆ ಅವಸರ ಬೇಕಿತ್ತೋ ಇಲ್ಲವೋ ಎಂದು ಇಂದಿಗೂ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ದಾರಿಯಲ್ಲಿ ಜೋರು ಮಳೆ ಹಿಡಿಯಿತು. ಕ್ಲಾಂಗ್ ಸಮೀಪ ಲಾರಿಗಳ ಸಾಲು ಮೈಲುದ್ದ ನಿಂತಿತ್ತು. ನಾವು ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರೆ ಅವ್ವ ಹಿಂದಿನ ಸೀಟಿನಲ್ಲಿ ಉಳಿದ ಎರಡು ರಹಸ್ಯ ಮುಗಿಸಿ ನಿದ್ದೆ ಹೋಗಿದ್ದಳು. ಬಂದರಿನ ಗೇಟು ದಾಟಿದಾಗ ಐದಕ್ಕೆ ಹತ್ತು ನಿಮಿಷ. ಮೇಲೆ ಕಟಕಟೆಗೆ ಒರಗಿ ನಮ್ಮನ್ನೇ ಕಾಯುತ್ತಿದ್ದ ಅಣ್ಣನ ಮುಖ ಬಿಳುಪೇರಿತ್ತು. ಮಕ್ಕಳು ಗೋಪುರವನ್ನು ಹೊರಗಿನಿಂದ ನೋಡಿ ಫೋಟೊ ತೆಗೆಸಿಕೊಂಡು, ಒಂದು ತಾಸು ಅಂಗಡಿಗಳಲ್ಲಿ ಕಳೆದು ಬಂದಿದ್ದರು. ಬಾಟು ಗುಹೆ ಬಸ್ಸಿನವರ ಪಟ್ಟಿಯಲ್ಲೇ ಇರಲಿಲ್ಲ. ವೈನಿ ಆ ಸಿಟ್ಟನ್ನು ರಾತ್ರಿಯ ಊಟದವರೆಗೆ ಇಟ್ಟುಕೊಂಡಿದ್ದರು.

ಮರುದಿನ ಪೆನಾಂಗ್. ಅಣ್ಣ ಆಚೆ ದಡದ ಬುಕಿತ್ ಮೆರ್ತಾಜಮ್‌ನ ಸಂತ ಅನ್ನಮ್ಮನವರ ದೇವಾಲಯಕ್ಕೆ ಹೋಗೋಣವೆಂದ. 2019ರಲ್ಲಿ ಬಸಿಲಿಕಾ ಪದವಿ ಪಡೆದ ದೊಡ್ಡ ಯಾತ್ರಾಸ್ಥಳವದು. ಆದರೆ ಅವ್ವನ ಮೊಣಕಾಲು ಊದಿತ್ತು, ನಮಗೂ ಇನ್ನೊಂದು ಗಡಿಯಾರದ ದಿನ ಬೇಡವಾಗಿತ್ತು. ಅವ್ವನನ್ನು ಸೈಕಲ್ ರಿಕ್ಷಾದಲ್ಲಿ ಕೂರಿಸಿ, ಉಳಿದವರು ನಡೆದೇ ಸ್ವರ್ಗಾರೋಹಣ ಮಾತೆಯ ದೇವಾಲಯಕ್ಕೆ ಹೋದೆವು. 1786ರಲ್ಲಿ ಕೆಡಾದಿಂದ ಸಮುದ್ರ ದಾಟಿ ಬಂದ ಕಥೋಲಿಕ ಕುಟುಂಬಗಳು ಇಲ್ಲಿ ಇಳಿದದ್ದು ಸ್ವರ್ಗಾರೋಹಣ ಹಬ್ಬದ ಮುನ್ನಾದಿನ. ಅದಕ್ಕೇ ಆ ಹೆಸರು. ಬಳಿಕ ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ. ಎರಡು ಗಂಟೆಗೆ ಹಡಗಿಗೆ ಮರಳಿ ಎಲ್ಲರೂ ಮಲಗಿದೆವು. ಮೂರು ಬಂದರುಗಳಲ್ಲಿ ಜಗಳವಿಲ್ಲದೆ ಕಳೆದ ದಿನ ಅದೊಂದೇ.

ಫುಕೆಟ್‌ನಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ, ಪಟೋಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆಂದು ತಿಳಿಸಿದರು. ಅಲೆಗೆ ಓಲಾಡುವ ದೋಣಿಗೆ ಅವ್ವ ಕಾಲಿಡುವುದು ಆಗದ ಮಾತು. ನಾವು ಅವಳೊಡನೆ ಹಡಗಿನಲ್ಲೇ ಉಳಿದೆವು. ಅಣ್ಣನವರು ಹೋದರು, ಮತ್ತು ಅಲ್ಲೊಂದು ಎಡವಟ್ಟಾಯಿತು. ಥಾಯ್ಲೆಂಡಿನ ಸಮಯ ಸಿಂಗಾಪುರಕ್ಕಿಂತ ಒಂದು ತಾಸು ಹಿಂದೆ. ನಮ್ಮ ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿತ್ತು. ಅಣ್ಣನ ಮೊಬೈಲು ದಡ ಮುಟ್ಟಿದೊಡನೆ ತಾನಾಗಿಯೇ ಥಾಯ್ ಸಮಯಕ್ಕೆ ತಿರುಗಿತ್ತು. ಕೊನೆಯ ದೋಣಿ ನಾಲ್ಕಕ್ಕೆ. ಮೊಬೈಲಿನಲ್ಲಿ ಎರಡೂ ನಲವತ್ತು ಎಂದು ಇವರು ಮರಳಿನಲ್ಲಿ ಆರಾಮವಾಗಿ ಎಳನೀರು ಕುಡಿಯುತ್ತಿದ್ದಾಗ ವೈನಿಯ ಕೈಗಡಿಯಾರ ಮೂರೂ ನಲವತ್ತು ತೋರಿಸಿತಂತೆ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದರು. ಮಲಕ್ಕಾದ ದಿನ ನಮಗೆ ಬುದ್ಧಿ ಹೇಳಿದ್ದ ಅಣ್ಣ ಆ ರಾತ್ರಿ ಹೆಚ್ಚು ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಕಾಕಾ ಕೇಳಿದರು, "ಗುಡ್ಡ ಹತ್ತಿದ್ಯಾ ಅವ್ವಾ?" ಅವ್ವ ಹೇಳಿದಳು, "ಹತ್ತಿದ್ನೋ ತಮ್ಮಾ. ಸಂತರು ಅಲ್ಲಿಲ್ಲ. ಖಾಲಿ ಐತಿ. ಛಂದ ಐತಿ."

ಈಗ ನಿಪ್ಪಾಣಿಯ ನಮ್ಮ ಸಂಬಂಧಿಕರು ಅಂಥದೇ ಪ್ರವಾಸಕ್ಕೆ ಹೊರಟಿದ್ದಾರೆ. ಯಾವ ಬಂದರಿನಲ್ಲಿ ಏನು ನೋಡಬೇಕೆಂದು ಕೇಳಲು ಕಳೆದ ಭಾನುವಾರ ಬಂದಿದ್ದರು. ಅವರ ಹಡಗಿನ ಪಟ್ಟಿಯಲ್ಲಿ ಮಲಕ್ಕಾವೇ ಇದೆ. ನಾವು ಬಂದರಿನ ದೂರ, ಹಡಗಿನ ಗಡಿಯಾರ, ಸಿಂಗಾಪುರಕ್ಕೆ ಮರಳಿ ಪ್ರವೇಶಿಸಲು ಬೇಕಾದ ವೀಸಾ ಎಂದು ಕಾಗದದ ಮೇಲೆ ಬರೆದು ಕೊಡುತ್ತಿದ್ದೆವು. ಅವ್ವ ಒಳಗೆ ಹೋಗಿ ಸೆರಗಿನ ಗಂಟಿನಿಂದ ನೂರು ರೂಪಾಯಿ ಬಿಚ್ಚಿ ತಂದು ಅವರ ಕೈಯಲ್ಲಿಟ್ಟಳು. ಗುಡ್ಡದ ಬುಡದ ದೇವಾಲಯದಲ್ಲಿ ಮೇಣದಬತ್ತಿ ಹಚ್ಚಲಿಕ್ಕೆ.